ಬಸ್ ಬಾಡಿಗೆಯೂ ಸಂರಕ್ಷಣೆಯ ಖರ್ಚೇ

ಸಣ್ಣದೊಂದು ದತ್ತಿ ಸಂಸ್ಥೆಯಲ್ಲಿ ಪರಿಸರ ಅನುದಾನಗಳ ಹೊಣೆ ನನ್ನದು. ಅರ್ಜಿ ಓದಿ, ಸ್ಥಳ ನೋಡಿ, ಟ್ರಸ್ಟಿಗಳಿಗೆ ಶಿಫಾರಸು ಮಾಡುತ್ತೇನೆ. ಮೊದಲ ಎರಡು ವರ್ಷ ಬಜೆಟ್‌ಗಳನ್ನು ನಿಷ್ಠೆಯಿಂದ ಕತ್ತರಿಸುತ್ತಿದ್ದೆ. ಸಸಿ, ಬೇಲಿ, ನೀರಿನ ಪರೀಕ್ಷೆ ಉಳಿಯುತ್ತಿದ್ದವು. ವಾಹನ ಬಾಡಿಗೆ, ಊಟ, ಸಂಬಳದ ಸಾಲುಗಳ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. ದಾನಿಗಳ ಹಣ ನೇರವಾಗಿ ಪ್ರಕೃತಿಗೇ ಸೇರಬೇಕು ಎಂದು ನಂಬಿದ್ದೆ.

ಆ ನಂಬಿಕೆ ಮುರಿದದ್ದು ಒಂದು ಜೌಗು ಪ್ರದೇಶದಲ್ಲಿ. ಬಡ ಕುಟುಂಬಗಳ ಹದಿಹರೆಯದವರಿಗೆ ಅಲ್ಲಿ ಹಕ್ಕಿ ಗಣತಿ ಮಾಡಲು, ನೀರಿನ ಕಳೆ ಗುರುತಿಸಿ ತೆಗೆಯಲು ಕಲಿಸುವ ಯೋಜನೆ ಅದು. ಪ್ರವೇಶ ಉಚಿತ. ದುರ್ಬೀನುಗಳಿಗೆ, ಕೈಪಿಡಿಗಳಿಗೆ ಪೂರ್ತಿ ಹಣ ಕೊಟ್ಟಿದ್ದೆವು. ನಾನು ಹೋದ ದಿನ ಬಂದಿದ್ದವರು ನಾಲ್ವರು. ಉಳಿದ ದುರ್ಬೀನುಗಳು ಪೆಟ್ಟಿಗೆಯಲ್ಲೇ ಇದ್ದವು. ಕಾರಣ ಕೇಳಿದಾಗ ತಂಡದವರು ಒಂದೊಂದಾಗಿ ಹೇಳಿದರು. ಬಸ್ಸು ಅರ್ಧ ದಾರಿಗೇ ನಿಲ್ಲುತ್ತದೆ. ಕೆಸರಿನಲ್ಲಿ ನಡೆಯುವ ಬೂಟು ಯಾರ ಬಳಿಯೂ ಇಲ್ಲ. ಶೌಚಾಲಯವಿಲ್ಲದ ಕಾರಣ ಒಮ್ಮೆ ಬಂದ ಹುಡುಗಿಯರು ಮತ್ತೆ ಬರಲಿಲ್ಲ. ಗಾಲಿಕುರ್ಚಿಯ ಹುಡುಗನೊಬ್ಬ ಬಾಗಿಲಿನಿಂದಲೇ ಹಿಂದಿರುಗಿದ. ವಾರದ ಕೊನೆಯಲ್ಲಿ ದುಡಿಯುವ ಮಕ್ಕಳಿಗೆ ಒಂದು ದಿನದ ಕೂಲಿ ಬಿಡುವುದು ಸಾಧ್ಯವಿರಲಿಲ್ಲ. ಅವರ ಮೂಲ ಬಜೆಟ್ ತೆಗೆದು ನೋಡಿದೆ. ಇವೆಲ್ಲವೂ ಅದರಲ್ಲಿದ್ದವು. ಹೊಡೆದು ಹಾಕಿದವಳು ನಾನು.

ಆ ಸಾಲುಗಳನ್ನು ಮರಳಿ ಸೇರಿಸಲು ಹೋದಾಗ, ಇದು ಸಮಾಜಸೇವೆ, ಸಂರಕ್ಷಣೆಯಲ್ಲ ಎಂಬ ಮಾತು ಬಂತು. ಜನರನ್ನು ಪ್ರಕೃತಿಯಿಂದ ಬೇರೆಯಾಗಿ ನೋಡುವ ಈ ಭೇದಕ್ಕೆ ದೀರ್ಘ ಇತಿಹಾಸವಿದೆ. 1872ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದ ಮೇಲೆ, ಅಲ್ಲಿ ತಲೆಮಾರುಗಳಿಂದ ಓಡಾಡಿಕೊಂಡಿದ್ದ ಮೂಲನಿವಾಸಿಗಳೇ ಹೊರಗಿನವರಾದರು. ಹಣದ ಹಾದಿಯೂ ಹಾಗೆಯೇ ಸಾಗಿದೆ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಮೂಲನಿವಾಸಿಗಳ ಮತ್ತು ಸ್ಥಳೀಯ ಸಮುದಾಯಗಳ ಅರಣ್ಯ ಹಕ್ಕಿಗಾಗಿ ಹಲವು ಸರ್ಕಾರಗಳೂ ದತ್ತಿ ಸಂಸ್ಥೆಗಳೂ ಸೇರಿ 170 ಕೋಟಿ ಡಾಲರ್ ಘೋಷಿಸಿದವು. ಮೊದಲ ವರ್ಷ ವಿತರಣೆಯಾದ ಹಣದಲ್ಲಿ ಆ ಸಮುದಾಯಗಳ ಸಂಘಟನೆಗಳಿಗೆ ನೇರವಾಗಿ ತಲುಪಿದ್ದು ಸುಮಾರು ಶೇ 7 ಎಂದು ದಾನಿಗಳ ವರದಿಯೇ ಹೇಳಿತು. ನಮ್ಮ ಪುಟ್ಟ ನಿಧಿಯಲ್ಲೂ ಅದೇ ನಡೆದಿತ್ತು. ಹಣ ದೊಡ್ಡ ಸಂಸ್ಥೆಗೆ ಹೋಗಿ, ಅಲ್ಲಿಂದ ಹನಿಹನಿಯಾಗಿ ಮಕ್ಕಳ ಜೊತೆ ನಡೆಯುವವರ ಕೈಗೆ ಬರುತ್ತಿತ್ತು. ಆ ಸಾಲುಗಳನ್ನು ಟ್ರಸ್ಟಿಗಳು ಒಪ್ಪಲು ಮೂರು ಸಭೆ ಬೇಕಾಯಿತು.

ಈಗ ಒಂದು ವರ್ಷದ ಬದಲು ಮೂರು ವರ್ಷಕ್ಕೆ ಅನುದಾನ ಕೊಡುತ್ತೇವೆ. ಅರ್ಜಿ ನಮೂನೆ ಎರಡು ಪುಟಕ್ಕೆ ಇಳಿದಿದೆ. ಬರೆಯಲು ಕಷ್ಟವಾದವರು ದೂರವಾಣಿಯಲ್ಲಿ ಹೇಳಿದರೆ ನಾನೇ ಬರೆದುಕೊಳ್ಳುತ್ತೇನೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮುಂಗಡ ಪಾವತಿ. ಮೊದಲು ಖರ್ಚು ಮಾಡಿ, ರಸೀದಿ ಕೊಟ್ಟು, ತಿಂಗಳುಗಟ್ಟಲೆ ಕಾಯಬೇಕೆಂಬ ನಿಯಮವಿದ್ದಾಗ ಉಳಿತಾಯವಿರುವ ಸಂಸ್ಥೆಗಳು ಮಾತ್ರ ಅರ್ಜಿ ಹಾಕುತ್ತಿದ್ದವು. ಆ ನಿಯಮ ಹೋದದ್ದೇ, ನಾವು ಹೆಸರೂ ಕೇಳಿರದ ತಂಡಗಳು ಬಂದವು.

ಆಯ್ಕೆ ಸಮಿತಿಯಲ್ಲಿ ಹಿಂದಿನ ಶಿಬಿರಗಳಿಂದ ಬಂದ ಇಬ್ಬರು ಯುವಜನರಿದ್ದಾರೆ. ಅವರ ಸಮಯಕ್ಕೆ ಗೌರವಧನ ಕೊಡುತ್ತೇವೆ. ಅದನ್ನು ಪುಕ್ಕಟೆಯಾಗಿ ಕೇಳುವುದು ತಪ್ಪೆಂದೇ ನನ್ನ ಅಭಿಪ್ರಾಯ. ಚಾರಣದ ಅರ್ಜಿಯೊಂದು ಬಂದಾಗ ಅವರಲ್ಲೊಬ್ಬಳು ಕೇಳಿದಳು: "ಮಳೆ ಬಂದರೆ ಎಲ್ಲಿ ನಿಲ್ಲುತ್ತಾರೆ? ತಡವಾದರೆ ಮನೆಗೆ ಯಾರು ತಿಳಿಸುತ್ತಾರೆ?" ಅಷ್ಟು ವರ್ಷ ಅರ್ಜಿ ಓದಿದ ನನಗೆ ಅದು ಹೊಳೆದಿರಲಿಲ್ಲ. ಅಂತಹ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ತಾಯಂದಿರು ಹೆಣ್ಣುಮಕ್ಕಳನ್ನು ಕಳುಹಿಸುತ್ತಾರೆ.

ಮಕ್ಕಳ ಕೈಗೆ ನಮ್ಮ ಬ್ಯಾನರ್ ಕೊಟ್ಟು ಫೋಟೊ ತೆಗೆಸುವುದನ್ನೂ ನಿಲ್ಲಿಸಿದೆವು. ವರದಿಯಲ್ಲಿ ಎಷ್ಟು ಮಂದಿ ಬಂದರು ಎನ್ನುವುದಕ್ಕಿಂತ ಯಾರು ಮತ್ತೆ ಬಂದರು, ಬರದವರು ಏಕೆ ಬರಲಿಲ್ಲ ಎಂದು ಕೇಳುತ್ತೇನೆ.

ಆ ಜೌಗಿನಲ್ಲಿ ಈಗ ಶೌಚಾಲಯವಿದೆ, ಬೂಟುಗಳಿವೆ, ಗಣತಿಯ ದಿನ ದುರ್ಬೀನುಗಳು ಸಾಲುವುದಿಲ್ಲ. ಆದರೆ ಗಾಲಿಕುರ್ಚಿಗೆಂದು ಹಾಕಲು ಹೊರಟ ಮರದ ಹಲಗೆಯ ದಾರಿ ನೀರಿನಂಚಿಗೆ ತಲುಪುವ ಮೊದಲೇ ನಿಂತಿದೆ. ಉಳಿದ ಭಾಗದ ಅಂದಾಜು ಪಟ್ಟಿ ನನ್ನ ಮೇಜಿನ ಮೇಲಿದೆ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಇಡುತ್ತೇನೆ.