ಗರ್ಭಿಣಿಯ ಸೇಂದಿ, ಸೆರೆ ಕುಡಿತ ಬಿಡಿಸುವುದು ಹೇಗೆ: ಮನೆಯವರಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ

ಹೆಣ್ಣುಮಕ್ಕಳ ಕುಡಿತದ ಮಾತು ಬಂದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಮನೆಗಳಲ್ಲಿ ಮೊದಲು ಕೇಳಿಬರುವ ಉತ್ತರ ‘ನಮ್ಮಲ್ಲಿ ಅಂಥಾದ್ದಿಲ್ಲ’ ಎಂಬುದು. ಆದರೆ ದಿನವಿಡೀ ಕಲ್ಲು, ಇಟ್ಟಿಗೆ ಹೊತ್ತು ಬಂದವಳು ಮೈಕೈ ನೋವಿಗೆಂದು ಗಂಡನ ಜೊತೆ ಒಂದಿಷ್ಟು ತೆಗೆದುಕೊಳ್ಳುವುದು, ತೆಲಂಗಾಣದ ಗಡಿಗೆ ಹತ್ತಿದ ಊರುಗಳಲ್ಲಿ ಸೇಂದಿ (ಮರದಿಂದ ಇಳಿಸಿದ ಹೆಂಡ) ದೇಹಕ್ಕೆ ತಂಪೆಂದು ನಂಬುವುದು, ಪಟ್ಟಣದ ಮನೆಗಳಲ್ಲಿ ಬೀರನ್ನು ಮದ್ಯವೆಂದೇ ಎಣಿಸದಿರುವುದು, ಇವೆಲ್ಲ ಇವೆ. ಇದನ್ನು ಒಪ್ಪಿಕೊಂಡು ಕೆಲಸ ಆರಂಭಿಸಿದರೆ ಮಾತ್ರ ಹೊಟ್ಟೆಯಲ್ಲಿರುವ ಮಗುವಿಗೆ ಉಪಯೋಗವಾಗುತ್ತದೆ.

ಮನೆಯವರಿಗೆ ಮೊದಲು ವಿಷಯ ತಿಳಿಸಿಕೊಡಬೇಕು. ತಾಯಿ ಕುಡಿದ ಮದ್ಯಸಾರವು ಅವಳ ರಕ್ತಕ್ಕೆ ಸೇರಿ, ಮಾಸನ್ನು ದಾಟಿ ಸ್ವಲ್ಪ ಹೊತ್ತಿನಲ್ಲಿಯೇ ಮಗುವಿನ ರಕ್ತಕ್ಕೂ ಸೇರುತ್ತದೆ, ಮತ್ತು ಅಲ್ಲಿಯೂ ಅದರ ಪ್ರಮಾಣ ಹೆಚ್ಚುಕಡಿಮೆ ತಾಯಿಯಲ್ಲಿರುವಷ್ಟೇ ಆಗುತ್ತದೆ. ತಾಯಿಯ ಯಕೃತ್ತು ಅದನ್ನು ಕರಗಿಸಬಲ್ಲದು. ಮಗುವಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ. ಮಗು ವಿಸರ್ಜಿಸಿದ ಮದ್ಯಸಾರ ಗರ್ಭಜಲಕ್ಕೆ ಸೇರಿ, ಅದೇ ನೀರನ್ನು ಮಗು ಮತ್ತೆ ನುಂಗುವುದರಿಂದ ತಾಯಿಯ ಅಮಲು ಇಳಿದ ಮೇಲೂ ಮಗು ಅದರಲ್ಲಿಯೇ ಇರುತ್ತದೆ. ಗರ್ಭಪಾತ, ಹೊಟ್ಟೆಯಲ್ಲಿಯೇ ಮಗು ಸಾಯುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ತೂಕ ಕಡಿಮೆಯಾಗುವುದು, ಇವುಗಳ ಅಪಾಯ ಹೆಚ್ಚುತ್ತದೆ. ಹೆಚ್ಚು ಕುಡಿದ ತಾಯಂದಿರ ಕೆಲವು ಮಕ್ಕಳಲ್ಲಿ ಕಣ್ಣಿನ ಸೀಳು ಕಿರಿದಾಗಿರುವುದು, ಮೂಗು ಮತ್ತು ಮೇಲ್ತುಟಿಯ ನಡುವಿನ ತೋಡು ಅಳಿಸಿಹೋದಂತಿರುವುದು, ಮೇಲ್ತುಟಿ ತೆಳ್ಳಗಿರುವುದು, ತಲೆ ಚಿಕ್ಕದಾಗಿರುವುದು ಕಾಣುತ್ತದೆ. ಫ್ರಾನ್ಸಿನ ವೈದ್ಯ ಪಾಲ್ ಲೆಮ್ವಾನ್ 1968ರಲ್ಲಿ ಇಂಥ ಮಕ್ಕಳನ್ನು ಕುರಿತು ಬರೆದರು. 1973ರಲ್ಲಿ ಅಮೆರಿಕದ ಜೋನ್ಸ್ ಮತ್ತು ಸ್ಮಿತ್ ಈ ಸ್ಥಿತಿಗೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂಬ ಹೆಸರಿಟ್ಟರು. ಆದರೆ ಮುಖದಲ್ಲಿ ಏನೂ ಕಾಣದ ಮಕ್ಕಳೇ ಹೆಚ್ಚು. ಹೇಳಿದ್ದು ನೆನಪಿಲ್ಲದಿರುವುದು, ಲೆಕ್ಕ ತಲೆಗೆ ಹತ್ತದಿರುವುದು, ಒಂದು ಕಡೆ ಕೂರಲಾಗದಿರುವುದು ಶಾಲೆಗೆ ಹೋದ ಮೇಲೆ ಗೊತ್ತಾಗುತ್ತದೆ, ಮತ್ತು ಅಂಥ ಮಗುವನ್ನು ದಡ್ಡ, ಹಟಮಾರಿ ಎಂದು ಹೊಡೆಯುತ್ತಾರೆ. ನನಗೆ ಬಹಳ ನೋವಿನ ಸಂಗತಿ ಇದೇ.

ಇಷ್ಟು ಕುಡಿದರೆ ತೊಂದರೆಯಿಲ್ಲ ಎನ್ನುವ ಅಳತೆಯೂ ಇಲ್ಲ, ಇಂಥ ತಿಂಗಳಲ್ಲಿ ನಡೆಯುತ್ತದೆ ಎನ್ನುವ ಕಾಲವೂ ಇಲ್ಲ. ಅಂಗಗಳು ಮೊದಲ ಮೂರು ತಿಂಗಳಲ್ಲಿ ರೂಪುಗೊಂಡರೆ, ಮೆದುಳು ಒಂಬತ್ತೂ ತಿಂಗಳು ಬೆಳೆಯುತ್ತಲೇ ಇರುತ್ತದೆ. ಬೀರು ಹಗುರ ಎನ್ನುವವರಿಗೆ ಲೆಕ್ಕ ತೋರಿಸಿ: 90 ಮಿಲಿಲೀಟರ್ ವಿಸ್ಕಿಯ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಮದ್ಯಸಾರವಿದ್ದರೆ, ಶೇ 8ರ ಸ್ಟ್ರಾಂಗ್ ಬೀರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ. ಅಂಗಡಿಯಲ್ಲಿ ಸಿಗುವ ಆಯುರ್ವೇದದ ಆಸವ, ಅರಿಷ್ಟಗಳಲ್ಲಿಯೂ ಮದ್ಯಸಾರವಿರುವುದರಿಂದ ವೈದ್ಯರನ್ನು ಕೇಳದೆ ಕೊಡಬಾರದು.

ಇನ್ನು ಕೇಳುವ ಬಗೆ. ಅತ್ತೆ, ಗಂಡ, ನೆರೆಯವರ ಎದುರಿಗೆ ಯಾವ ಸೊಸೆಯೂ ನಿಜ ಹೇಳುವುದಿಲ್ಲ. ತಾಯಿ ಕಾರ್ಡ್ ತುಂಬುವಾಗ ಅಥವಾ ತೂಕ ನೋಡುವಾಗ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಊಟ, ನಿದ್ದೆ, ಕೆಲಸದ ಮಾತಿನ ನಡುವೆ, ‘ತಂಗಿ, ಹೊಟ್ಟೀಲೆ ಆಗೂಕಿಂತ ಮೊದಲ ಸೇಂದಿ, ಬೀರು ಏನರೆ ತಗೋತಿದ್ದೇನವ್ವಾ?’ ಎಂದು ಕೇಳಿ. ಹಿಂದಿನದನ್ನು ಹೇಳುವುದು ಸುಲಭ. ಈಗಿನದು ಅದರ ಬೆನ್ನಿಗೇ ಬರುತ್ತದೆ. ಹೌದೆಂದರೆ ಮುಖ ಗಂಟಿಕ್ಕಬೇಡಿ, ಎಷ್ಟು, ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ, ಯಾರ ಜೊತೆ ಎಂಬುದನ್ನು ಮಾತ್ರ ಕೇಳಿಕೊಳ್ಳಿ. ಒಮ್ಮೆ ಇಲ್ಲವೆಂದವಳು ಮುಂದಿನ ಸಲ ಹೌದೆನ್ನಬಹುದಾದ್ದರಿಂದ ಪ್ರತಿ ತಪಾಸಣೆಯಲ್ಲಿಯೂ ಕೇಳಬೇಕು.

ಬಸುರೆಂದು ಗೊತ್ತಾಗುವ ಮೊದಲು ಕುಡಿದಿದ್ದೇನೆಂದು ಹೆದರುವವರಿಗೆ ಧೈರ್ಯ ಹೇಳಿ. ಅಷ್ಟಕ್ಕೇ ಗರ್ಭ ತೆಗೆಸುವ ಯೋಚನೆ ಬೇಡ. ಇಂದು ಬಿಟ್ಟರೆ ಇಂದಿನಿಂದಲೇ ಮಗುವಿಗೆ ಲಾಭವಿದೆ. ಸ್ಕ್ಯಾನಿಂಗ್ ಮಾಡಿಸುವಾಗ ವೈದ್ಯರಿಗೆ ಕುಡಿತದ ವಿಷಯ ತಿಳಿಸಬೇಕು, ಆದರೆ ಮೆದುಳಿಗಾದ ಸೂಕ್ಷ್ಮ ಹಾನಿ ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ ಎಂಬುದನ್ನೂ ಬಲ್ಲವರಾಗಿರಬೇಕು.

ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಕುಡಿಯುವವಳು ಒಮ್ಮೆಲೇ ನಿಲ್ಲಿಸಬಹುದು. ದಿನಾ ಕುಡಿಯುವವಳ ವಿಷಯದಲ್ಲಿ ಮಾತ್ರ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳೊಳಗೆ ಕೈ ನಡುಕ, ಬೆವರು, ವಾಂತಿ ಶುರುವಾಗಿ, ಕೆಲವರಿಗೆ ಫಿಟ್ಸ್ ಬರುತ್ತದೆ. ಅದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್ ಎಂಬ ಮಂಪರು ತರಿಸುವ ಔಷಧಿಗಳನ್ನು ಬೆರೆಸಿದ ಪ್ರಕರಣಗಳು ತೆಲಂಗಾಣದಲ್ಲಿ ಪದೇ ಪದೇ ಸಿಕ್ಕಿರುವುದರಿಂದ, ಸೇಂದಿಯ ಚಟ ಇದ್ದವಳನ್ನು ಇನ್ನೂ ಜಾಗ್ರತೆಯಿಂದ ನೋಡಿಕೊಳ್ಳಬೇಕು. ಇಂಥವರನ್ನು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಅಥವಾ ಯಾದಗಿರಿಯ ಯಿಮ್ಸ್ ಆಸ್ಪತ್ರೆಗೆ ಕರೆದೊಯ್ದು, ಪ್ರಸೂತಿ ವೈದ್ಯರಿಗೂ ಮಾನಸಿಕ ರೋಗ ತಜ್ಞರಿಗೂ ತೋರಿಸಿ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಹಣ ಬೇಕಿಲ್ಲ.

ಮನೆಯಲ್ಲಿ ಆಗಬೇಕಾದ ಬದಲಾವಣೆ ಮುಖ್ಯವಾಗಿ ಗಂಡಸರದು. ಗಂಡ ಎದುರಿಗೆ ಕೂತು ಕುಡಿಯುತ್ತಾ ಹೆಂಡತಿಗೆ ಬಿಡು ಎನ್ನುವುದು ನ್ಯಾಯವೂ ಅಲ್ಲ, ಫಲ ಕೊಡುವ ಮಾತೂ ಅಲ್ಲ. ಹೆರಿಗೆಯವರೆಗಾದರೂ ಬಾಟಲಿ ಮನೆಯೊಳಗೆ ಬರಬಾರದು. ಮೈನೋವಿಗೆ ಕಾರಣವಾದ ಭಾರದ ಕೆಲಸವನ್ನು ತಪ್ಪಿಸಿ, ಬಿಸಿನೀರಿನ ಸ್ನಾನ ಮಾಡಿಸಿ, ಹಗಲು ಸ್ವಲ್ಪ ಹೊತ್ತು ಮಲಗಲು ಬಿಡಿ. ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಡಬೇಡಿ, ನರ್ಸಮ್ಮನನ್ನು ಕೇಳಿ. ತಂಪಿಗೆ ಮಜ್ಜಿಗೆ, ನಿಂಬೆ ಪಾನಕ, ಎಳನೀರು ಇವೆ.

ಹೆತ್ತ ಮೇಲೆ ಥಂಡಿಗೆಂದು ಬಾಣಂತಿಗೆ ಬ್ರಾಂಡಿ ಕುಡಿಸಬೇಡಿ, ಅದು ಎದೆಹಾಲಿಗೆ ಬರುತ್ತದೆ. ಬಸುರಿನಲ್ಲಿ ಕುಡಿದಿದ್ದ ತಾಯಿಯ ಮಗು ತೂಕ ಏರಿಸಿಕೊಳ್ಳದಿದ್ದರೆ, ಕೂರುವುದು, ನಡೆಯುವುದು, ಮಾತಾಡುವುದು ತಡವಾದರೆ, ಮುಚ್ಚಿಡದೆ ಮಕ್ಕಳ ವೈದ್ಯರಿಗೆ ಆ ವಿಷಯ ಹೇಳಿ, ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಬರೆದುಕೊಡುವಂತೆ ಕೇಳಿ. ಆದ ಹಾನಿಯನ್ನು ಅಳಿಸುವ ಮದ್ದಿಲ್ಲವಾದರೂ, ಆರು ವರ್ಷದೊಳಗೆ ಗುರುತಿಸಿ ಮಾತು, ಕಲಿಕೆ, ನಡವಳಿಕೆಯ ತರಬೇತಿ ಕೊಡಿಸಿದ ಮಕ್ಕಳು ಮುಂದೆ ಅಂಥ ತರಬೇತಿ ಸಿಗದ ಮಕ್ಕಳಿಗಿಂತ ಚೆನ್ನಾಗಿ ನಿಭಾಯಿಸುತ್ತಾರೆ.