ಪುಟ ತಿರುಗಿಸುವ ಕೈಗೆ ಎಂಥ ತಿಂಡಿ?

ಓದುತ್ತಾ ಬಾಯಾಡಿಸುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ಆಗೆಲ್ಲ ಕೈಗೆ ಏನು ಸಿಕ್ಕರೆ ಅದು. ಒಂದು ಸಲ ಬಾಡಿಗೆ ಲೈಬ್ರರಿಯಿಂದ ತಂದ ಕಾದಂಬರಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಿಸಿಬೇಳೆಬಾತ್ ತಿನ್ನುತ್ತಿದ್ದೆ. ತುಪ್ಪದ ಹನಿ ಪುಟದ ನಡುವೆ ಬಿತ್ತು. ಒರೆಸಿದಷ್ಟೂ ಹರಡಿತು. ಹಿಂದಿನ ಪುಟದ ಅಕ್ಷರಗಳೆಲ್ಲ ಈಚೆ ಕಾಣತೊಡಗಿದವು. ಪುಸ್ತಕದ ದುಡ್ಡು ಕಟ್ಟಿದೆ. ಆದರೆ ನನ್ನ ನಂತರ ಓದುವವರಿಗೆ ಆ ಪುಟ ಕೆಡಿಸಿಬಿಟ್ಟೆನಲ್ಲ ಅಂತ ಜಾಸ್ತಿ ಬೇಜಾರಾಯಿತು.

ಅಲ್ಲಿಂದ ನಾನು ಪುಸ್ತಕಕ್ಕೆ ತಿಂಡಿ ಜೋಡಿಸುವಾಗ ರುಚಿಗಿಂತ ಮೊದಲು ಕೈಯನ್ನು ನೋಡುತ್ತೇನೆ. ಈ ತಿಂಡಿ ಕೈಗೆ ಏನು ಕೆಲಸ ಕೊಡುತ್ತದೆ? ಓದನ್ನು ಓಡಿಸುತ್ತದೋ, ನಿಲ್ಲಿಸುತ್ತದೋ?

ಪತ್ತೇದಾರಿ ಕಥೆಗಳಿಂದ ಶುರು ಮಾಡುತ್ತೇನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಇದ್ದಾನೆ. ಪುಸ್ತಕ ಕೈಗೆತ್ತಿಕೊಂಡರೆ ಒಂದೇ ಉಸಿರಿಗೆ ಓದಿ ಮುಗಿಸಿಬಿಡುತ್ತೇನೆ. ಹಾಗೆ ಓಡಿದಾಗ, ಕೊಲೆಗಾರ ಯಾರಿರಬಹುದು ಅಂತ ನಾವೇ ತಲೆ ಕೆಡಿಸಿಕೊಳ್ಳುವ ಸುಖ ತಪ್ಪಿಹೋಗುತ್ತದೆ. ಅದಕ್ಕೆ ನಾನು ಕಂಡುಕೊಂಡ ಜೋಡಿ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಪರಿಷೆಗೆ ಹೋಗಿ ಎರಡು ಸೇರು ತರುತ್ತೇನೆ. ಬೇಯಿಸಿದ್ದು ತುಂಬಾ ಇಷ್ಟ, ಆದರೆ ಒದ್ದೆ ಸಿಪ್ಪೆ ಪುಸ್ತಕಕ್ಕೆ ಆಗಿಬರುವುದಿಲ್ಲ. ಹಾಗಾಗಿ ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ಕಲ್ಲುಪ್ಪು ಹಾಕಿ, ಸಣ್ಣ ಉರಿಯಲ್ಲಿ 15–20 ನಿಮಿಷ ಕೈಬಿಡದೆ ಹುರಿಯುತ್ತೇನೆ.

ಕಡಲೆಕಾಯಿ ಬಿಡಿಸಲು ಎರಡೂ ಕೈ ಬೇಕು ನೋಡಿ. ಪುಸ್ತಕವನ್ನು ಮಗುಚಿ ಇಡಲೇಬೇಕು. ಒಂದು ಅಧ್ಯಾಯಕ್ಕೆ ಒಂದು ಹಿಡಿ ಅಂತ ಲೆಕ್ಕ. ಸಿಪ್ಪೆ ಪಟ್ ಅಂತ ಒಡೆಯುವಾಗ ತಲೆಯಲ್ಲಿ ಒಬ್ಬೊಬ್ಬರ ಮೇಲೂ ಅನುಮಾನ ಹುಟ್ಟುತ್ತದೆ. ಆ ಹೊತ್ತಿಗೆ ಮನೆಗೆ ಬಂದವನು ಬಾಗಿಲು ಯಾಕೆ ಹಾಕಿಕೊಂಡ? ಹಿಡಿ ಖಾಲಿಯಾಗುವಷ್ಟರಲ್ಲಿ ನನ್ನದೊಂದು ಊಹೆ ತಯಾರಾಗಿರುತ್ತದೆ. ಎಷ್ಟೋ ಸಲ ಅದು ತಪ್ಪು. ಆದರೂ ಊಹಿಸದೆ ಓದಿದ ಪತ್ತೇದಾರಿ ಕಥೆ ನನಗೆ ಅರ್ಧ ಓದಿದಂತೆಯೇ.

ತೇಜಸ್ವಿಯವರ ‘ಜುಗಾರಿ ಕ್ರಾಸ್’ಗೆ ಮಾತ್ರ ಯೋಚನೆಯೇ ಬೇಕಾಗಲಿಲ್ಲ. ಸುರೇಶ, ಗೌರಿ ಏಲಕ್ಕಿ ಮಾರಲು ಹೊರಡುವುದರಿಂದಲೇ ಅಲ್ಲಿನ ಗೋಜಲೆಲ್ಲ ಬಿಚ್ಚಿಕೊಳ್ಳುತ್ತದೆ. ನಮ್ಮಂಥ ಪೇಟೆಯವರಿಗೆ ಏಲಕ್ಕಿ ಅಂದರೆ ಪಾಯಸಕ್ಕೆ ಹಾಕುವ ನಾಲ್ಕು ಕಾಯಿ. ಅಲ್ಲಿ ಅದು ಮೂಟೆ. ಅದರ ಸುತ್ತ ಸಾಲ, ವ್ಯಾಪಾರ, ಕಾಡು, ಪ್ರಾಣಭಯ ಎಲ್ಲ ಇದೆ. ಓದುವ ಹಿಂದಿನ ದಿನ ಕೊಬ್ಬರಿ ಮಿಠಾಯಿ ಮಾಡಿದೆ. ಗಟ್ಟಿ ತುಂಡು, ಒಂದೇ ಕೈಗೆ ಸಾಕು, ಪುಟಕ್ಕೂ ತೊಂದರೆ ಇಲ್ಲ. ಎಂಟು ಏಲಕ್ಕಿ ಬಿಡಿಸಿದೆ. ಒಳಗೆ ಕಪ್ಪು ಕಾಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬರೀ ಕಾಳು ಕುಟ್ಟಿದರೆ ಕುಟ್ಟಾಣಿಯಿಂದ ಹಾರುತ್ತದೆ, ಜೊತೆಗೆ ಒಂದು ಚಮಚ ಸಕ್ಕರೆ ಹಾಕಿದರೆ ನುಣ್ಣಗಾಗುತ್ತದೆ. ಮಾರನೇ ದಿನ ಓದುವಾಗ ಬೆರಳ ತುದಿಯಲ್ಲಿ ಆ ಘಮ ಇನ್ನೂ ಇತ್ತು. ಪುಟ ತಿರುಗಿಸಿದಾಗಲೆಲ್ಲ ಮೂಗಿಗೆ ಬರುತ್ತಿತ್ತು. ಒಂದು ದಿನದಲ್ಲಿ ನಡೆದುಹೋಗುವ ಆ ಕಥೆಯನ್ನು ನಾನೂ ಒಂದೇ ದಿನ ಕೂತು ಓದಿದೆ.

ಎಲ್ಲ ಪುಸ್ತಕಕ್ಕೂ ತಿಂಡಿ ಬೇಕು ಅಂತಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ಕ್ಕೆ ನಾನು ಏನೂ ಇಟ್ಟುಕೊಳ್ಳುವುದಿಲ್ಲ. ತಿಳುವಳಿಕೆ ಬರುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು ಬದುಕು ಕಳೆದವಳ ಕಥೆ ಅದು. ಆ ಹೆಣ್ಣುಮಕ್ಕಳಿಗೆ ಊಟವೇ ಒಪ್ಪೊತ್ತು. ತಟ್ಟೆ ಪಕ್ಕಕ್ಕಿಟ್ಟುಕೊಂಡು ಅದನ್ನು ಓದಲು ನನ್ನಿಂದ ಆಗಲಿಲ್ಲ.

ಈಗ ನನಗೆ ತೀರಾ ಇಷ್ಟವಾದ ಜೋಡಿ ಹೇಳುತ್ತೇನೆ. 1980ರಲ್ಲಿ ಬಂದ ತೇಜಸ್ವಿಯವರದೇ ಕಾದಂಬರಿ ‘ಕರ್ವಾಲೊ’ ಮತ್ತು ಜೇನುತುಪ್ಪ. ಅಲ್ಲಿ ಬಿರಿಯಾನಿ ಕರಿಯಪ್ಪನೇ ಇದ್ದಾನೆ, ಬಿರಿಯಾನಿ ಯಾಕಲ್ಲ ಅಂತ ಗೆಳತಿ ಕೇಳಿದಳು. ಆದರೆ ಕಥೆಯೊಳಗೆ ನಮ್ಮನ್ನು ಕರೆದುಕೊಂಡು ಹೋಗುವುದು ಜೇನು, ಆ ಜೇನಿನ ಮಂದಣ್ಣ. ತೊಂದರೆ ಒಂದೇ. ಜೇನುತುಪ್ಪ ಮುಟ್ಟಿದ ಕೈಯಲ್ಲಿ ಪುಸ್ತಕ ಮುಟ್ಟುವ ಹಾಗಿಲ್ಲ.

ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಹೋದ ಮಳೆಗಾಲದಲ್ಲಿ ಬಿಸಿ ಅಕ್ಕಿರೊಟ್ಟಿ ಮೇಲೆ ಜೇನುತುಪ್ಪ ಸುರಿದು ಅವರ ಮುಂದಿಟ್ಟೆ. ನಾನು ಎದುರು ಕೂತು ಗಟ್ಟಿಯಾಗಿ ಓದತೊಡಗಿದೆ. ಕೈ ಅಂಟಾದರೆ ಅವರದ್ದು, ಪುಸ್ತಕ ನನ್ನ ಬಳಿ ಕ್ಷೇಮ. ಮಂದಣ್ಣನ ಮದುವೆಯ ಭಾಗ ಬಂದಾಗ ಅಮ್ಮ ರೊಟ್ಟಿ ಮುರಿಯುವುದನ್ನೇ ಮರೆತು ನಕ್ಕರು. ಜೇನು ಅವರ ಮಣಿಕಟ್ಟಿನವರೆಗೂ ಇಳಿದಿತ್ತು. ಒರೆಸಲು ಬಟ್ಟೆ ತರೋಣ ಅಂತ ನಾನು ಎದ್ದೆ.

“ಕೂತ್ಕೊಳೇ, ಆಮೇಲೆ ತೊಳ್ಕೋತೀನಿ. ಮುಂದೇನಾಯ್ತು ಹೇಳು” ಅಂದರು.