ಲೇಡಲ್‌ಗೆ ಯಾವ ಅಲ್ಯೂಮಿನಾ? ಮೂರನ್ನೂ ಹಾಕಿ ನೋಡಿದ ಅನುಭವ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳ ಪಲ್ಪರ್‌ಗೆ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಬೇಕಾಗುವ ಬೀಡು ಕಬ್ಬಿಣದ ಬಿಡಿಭಾಗಗಳೇ ಹೆಚ್ಚು. ಕೊಯ್ಲಿಗೆ ಮುಂಚಿನ ಎರಡು ತಿಂಗಳು ಉಸಿರಾಡಲು ಪುರುಸೊತ್ತಿರುವುದಿಲ್ಲ. ಆಗಲೇ ಲೇಡಲ್, ಅಂದರೆ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವ ಪಾತ್ರೆ, ಬಿರುಕು ಬಿಟ್ಟರೆ ಆ ದಿನದ ಎರಕವೇ ನಿಂತುಹೋಗುತ್ತದೆ.

ಕಬ್ಬಿಣ ಕರಗಿಸುವ ಫರ್ನೆಸ್‌ನ ಒಳಪದರಕ್ಕೆ ಹಾಕುವುದು ಸಿಲಿಕಾ. ಅದರದ್ದು ತಕರಾರಿಲ್ಲ. ಲೇಡಲ್‌ನ ಪಾಡು ಬೇರೆ. 1,400 ಡಿಗ್ರಿ ದಾಟಿದ ಕಬ್ಬಿಣ ಒಮ್ಮೆಲೇ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಖಾಲಿಯಾಗಿ ಆರುತ್ತದೆ, ಮತ್ತೆ ತುಂಬುತ್ತದೆ. ಅದರ ಒಳಪದರಕ್ಕೆ ಹಾಕುವ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕರಗಬೇಕಾದರೆ 2,050 ಡಿಗ್ರಿ ಹತ್ತಿರ ಬೇಕು. ಹಾಗಾಗಿ ನಮಗೆ ಕರಗುವ ಭಯವಿಲ್ಲ, ಸೀಳುವ ಭಯ. ಇದು ತಲೆಗೆ ಹೋಗುವ ಮೊದಲು, ಶುದ್ಧವಾದಷ್ಟೂ ಒಳ್ಳೆಯದೆಂದು ದುಬಾರಿ ವೈಟ್ ಫ್ಯೂಸ್ಡ್ ಅಲ್ಯೂಮಿನಾ ತರಿಸುತ್ತಿದ್ದೆ.

ಒಂದು ಮಳೆಗಾಲ ಕೆಲಸ ಕಡಿಮೆಯಿದ್ದಾಗ ಮೂರು ಕೈ ಲೇಡಲ್‌ಗಳಿಗೆ ವೈಟ್ ಫ್ಯೂಸ್ಡ್, ಬ್ರೌನ್ ಫ್ಯೂಸ್ಡ್, ಟ್ಯಾಬ್ಯುಲರ್ ಎಂಬ ಮೂರು ಬಗೆಯ ಅಲ್ಯೂಮಿನಾ ಕಾಳು ಹಾಕಿ ಲೈನಿಂಗ್ (ಒಳಪದರ) ಮಾಡಿದೆವು. ಸಿಮೆಂಟು, ನುಣುಪು ಪುಡಿ ಮೂರಕ್ಕೂ ಒಂದೇ. ಹೊರಗಿನ ತಗಡಿಗೆ ಒಂದು, ಎರಡು, ಮೂರು ಎಂದು ಬಣ್ಣದ ಚುಕ್ಕೆ.

ಅಂಗೈಯಲ್ಲಿ ಹಿಡಿದರೇ ವ್ಯತ್ಯಾಸ ಗೊತ್ತಾಗುತ್ತದೆ. ವೈಟ್ ಫ್ಯೂಸ್ಡ್ ಎಂದರೆ ಶುದ್ಧ ಅಲ್ಯೂಮಿನಾವನ್ನು ವಿದ್ಯುತ್ ಆರ್ಕ್ ಕುಲುಮೆಯಲ್ಲಿ ಕರಗಿಸಿ, ಆರಿಸಿ, ಒಡೆದದ್ದು. ಕಲ್ಲುಸಕ್ಕರೆಯ ಹಾಗೆ ಮಿನುಗುತ್ತದೆ. ಬ್ರೌನ್ ಫ್ಯೂಸ್ಡ್ ಬಾಕ್ಸೈಟ್ ಅದಿರಿನಿಂದ ಬರುತ್ತದೆ. ನೂರಕ್ಕೆ ಸುಮಾರು 95 ಪಾಲು ಅಲ್ಯೂಮಿನಾ, ಟೈಟಾನಿಯಾ ಎರಡು ಮೂರು ಪಾಲು, ಬಣ್ಣ ಕಡು ಕಂದು. ಟ್ಯಾಬ್ಯುಲರ್ ಕರಗಿಸಿದ್ದಲ್ಲ. ಉಂಡೆ ಕಟ್ಟಿ, ಕರಗುವುದಕ್ಕೆ ಸ್ವಲ್ಪ ಕೆಳಗಿನ ಶಾಖದಲ್ಲಿ, 1,900 ಡಿಗ್ರಿ ಆಸುಪಾಸು ಸುಟ್ಟು ಒಡೆಯುತ್ತಾರೆ. ನೋಡಲು ಸಪ್ಪೆ ಬಿಳಿ, ಹೊಳಪಿಲ್ಲ. ನಾನೇ ಅದನ್ನು ಮೊದಲು ಕಡೆಗಣಿಸಿದ್ದೆ.

ಮೂರನೇ ವಾರಕ್ಕೆ ನಮ್ಮ ಹಿರಿಯ ಮೇಸ್ತ್ರಿ ಕರೆದರು: "ಸಾರ್, ಒಂದು ಚುಕ್ಕೇದು ಸೀಳ್ತಾ ಐತೆ, ಬನ್ನಿ." ಅದು ವೈಟ್ ಫ್ಯೂಸ್ಡ್. ಒಡೆದು ನೋಡಿದರೆ ಬಿರುಕು ಕಾಳನ್ನು ಬಳಸಿಕೊಂಡು ಹೋಗಿರಲಿಲ್ಲ, ದೊಡ್ಡ ಹರಳುಗಳನ್ನೇ ಸೀಳಿಕೊಂಡು ನೇರವಾಗಿ ಹಾದಿತ್ತು. ಟ್ಯಾಬ್ಯುಲರ್‌ನಲ್ಲಿ ಕೂದಲೆಳೆ ಬಿರುಕುಗಳು ಹುಟ್ಟಿದ್ದವು ನಿಜ, ಆದರೆ ಒಂದೂ ಮುಂದೆ ಓಡಿರಲಿಲ್ಲ. ಕಾಳಿನೊಳಗೆ ಮುಚ್ಚಿಕೊಂಡಿರುವ ಸಣ್ಣ ಸಣ್ಣ ರಂಧ್ರಗಳು ಬಿರುಕನ್ನು ಅಲ್ಲಲ್ಲೇ ತಡೆಯುತ್ತವೆ. ಆ ರಂಧ್ರಗಳು ಹೊರಕ್ಕೆ ತೆರೆದಿಲ್ಲವಾದ್ದರಿಂದ ಕಲಸುವಾಗ ನೀರನ್ನೂ ಹೆಚ್ಚು ಕುಡಿಯುವುದಿಲ್ಲ. ಬ್ರೌನ್ ಇವೆರಡರ ನಡುವೆ ನಿಂತಿತು. ಆದರೆ ಕಬ್ಬಿಣ ಉಜ್ಜಿಕೊಂಡು ಹರಿಯುವ ಮೂತಿಯಲ್ಲಿ ಅದರಷ್ಟು ಗಟ್ಟಿಯಾಗಿ ನಿಂತದ್ದು ಬೇರೊಂದಿಲ್ಲ. ಬೆಲೆಯೂ ಕಡಿಮೆ.

ಕ್ಯಾಲ್ಸೈನ್ಡ್ ಅಲ್ಯೂಮಿನಾವನ್ನು ಈ ಸಾಲಿಗೆ ಸೇರಿಸಬೇಡಿ. ಅದು ಕಾಳಲ್ಲ, ಮೈದಾದಂಥ ಪುಡಿ. ದೊಡ್ಡ ಕಾಳುಗಳ ಸಂದಿಯನ್ನು ತುಂಬುವುದೇ ಅದರ ಕೆಲಸ. ಸಂದಿ ತುಂಬಿದಷ್ಟೂ ನೀರು ಕಡಿಮೆ ಸಾಕು.

ನೀರಿನ ವಿಷಯದಲ್ಲಿ ನಾನೊಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಆರ್ಡರ್ ಅವಸರವೆಂದು ಹೊಸ ಲೈನಿಂಗ್‌ಗೆ ನೇರ ಬರ್ನರ್ ಹಚ್ಚಿಸಿದೆ. ಅರ್ಧ ಗಂಟೆಯಲ್ಲಿ ಒಳಗಿನ ಹಬೆ ತಟ್ಟೆಯಗಲದ ಚಕ್ಕೆಯನ್ನೇ ಎಗರಿಸಿತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಈಗ ಒದ್ದೆ ಗೋಣಿ ಹೊದಿಸಿ ಒಂದು ದಿನ ಬಿಡುತ್ತೇವೆ, ರಾತ್ರಿಯಿಡೀ 110 ಡಿಗ್ರಿಯಲ್ಲಿ ಒಣಗಿಸುತ್ತೇವೆ, 350ರಲ್ಲಿ ಇನ್ನೊಮ್ಮೆ ತಡೆದು ನಿಲ್ಲಿಸುತ್ತೇವೆ. ಸಿಮೆಂಟಿನ ಜೊತೆ ಕೂಡಿಕೊಂಡ ನೀರು 100 ಡಿಗ್ರಿಗೆಲ್ಲ ಬಿಡುವುದಿಲ್ಲ.

ಈಗ ನಮ್ಮಲ್ಲಿ ಲೇಡಲ್‌ನ ಒಡಲಿಗೆ ಟ್ಯಾಬ್ಯುಲರ್, ಮೂತಿಗೆ ಬ್ರೌನ್. ವೈಟ್ ಫ್ಯೂಸ್ಡ್ ತರಿಸುವುದನ್ನು ಬಿಟ್ಟೆ. ಬೆಳಿಗ್ಗೆ ಕಬ್ಬಿಣ ಬಿಡುವ ಮುಂಚೆ ಮೇಸ್ತ್ರಿ ಪ್ರತಿ ಲೇಡಲ್ ಒಳಗೂ ಸಣ್ಣ ಸರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಟಣ್ ಎಂದರೆ ಸಾಲಿಗೆ, ಬೊದ್ದು ಸದ್ದು ಬಂದರೆ ಪಕ್ಕಕ್ಕೆ.